ಹಿತ್ತಲಿಗೆ ಒಪ್ಪುವ ಸ್ವೀಟ್ ಚಾರ್ಲಿ

ಚಳಿ ಬಿದ್ದೊಡನೆ ಕೊಲ್ಹಾಪುರದ ಪೇಟೆಗೆ ಮಹಾಬಳೇಶ್ವರ, ಪಂಚಗಣಿಯ ಸ್ಟ್ರಾಬೆರಿ ಬಂದಿಳಿಯುತ್ತದೆ. 2010ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಹಣ್ಣು ಅದು. ಇಷ್ಟು ಹತ್ತಿರದಲ್ಲೇ ಸಿಗುವಾಗ ಇಚಲಕರಂಜಿಯ ಮಾಳಿಗೆಯ ಮೇಲೋ ಗಡಹಿಂಗ್ಲಜದ ಹಿತ್ತಲಲ್ಲೋ ನಾಲ್ಕು ಗಿಡ ಹಚ್ಚುವುದು ಯಾತಕ್ಕೆ? ರುಚಿಗಾಗಿ. ತಳಿ ಮಾತ್ರ ಸ್ವೀಟ್ ಚಾರ್ಲಿಯೇ ಆಗಿರಲಿ.

ಫ್ಲೋರಿಡಾ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಬೆಳಕಿಗೆ ತಂದ ಈ ತಳಿ ಬೇಗ ಫಲ ಕೊಡುತ್ತದೆ. ಪೇಟೆಯವರಿಗೆ ಬೇಗ ಎಂದರೆ ಒಳ್ಳೆಯ ದರ. ನಮಗೆ ಅದು ಬೆಳೆಯ ಉಳಿವಿನ ಮಾತು. ಹಗಲು ಕುಗ್ಗಿ ರಾತ್ರಿ ತಂಪಾದಾಗ ಹೂ ಕಟ್ಟುವ ಗಿಡ ಇದು. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ತಂಪು ಬಹಳ ದಿನ ನಿಲ್ಲುತ್ತದೆ. 550 ಮೀಟರಿನ ಕೊಲ್ಹಾಪುರದಲ್ಲಿ ಮಾರ್ಚಿಗೇ ಬಿಸಿಲು ಸುಡುತ್ತದೆ. ತಡವಾಗಿ ಫಲ ಬಿಡುವ ತಳಿ ಇಲ್ಲಿ ಸರಿಯಾಗಿ ಕಾಯಿ ಹಿಡಿಯುವ ಹೊತ್ತಿಗೆ ಬಿಸಿಲಿಗೆ ಸಿಕ್ಕಿಬೀಳುತ್ತದೆ.

ಸ್ವೀಟ್ ಚಾರ್ಲಿಯ ಮೇಲಿರುವ ದೊಡ್ಡ ದೂರು ಅದು ಮೆತ್ತಗೆ ಎಂಬುದು. ದೂರದ ಊರಿಗೆ ಕಳಿಸುವವರಿಗೆ ಗಟ್ಟಿ ಹಣ್ಣಿನ ಕಾಮರೋಸಾ ತಳಿಯೇ ಹಿತ. ಆದರೆ ಸ್ಟ್ರಾಬೆರಿ ಕಿತ್ತ ಮೇಲೆ ಕೆಂಪಾದೀತೇ ಹೊರತು ಸಿಹಿಯಾಗುವುದಿಲ್ಲ. ಪ್ರಯಾಣಕ್ಕೆಂದು ಮುಂಚೆ ಕಿತ್ತ ಹಣ್ಣನ್ನು ತಿರುವಿ ನೋಡಿ: ತುದಿ ಕೆಂಪು, ತೊಟ್ಟಿನ ಎಲೆಗಳ ಕೆಳಗೆ ಬಿಳಿ, ಆ ಬಿಳಿ ಭಾಗ ಸಪ್ಪೆ. ಹಿತ್ತಲಲ್ಲಿ ತೊಟ್ಟಿನವರೆಗೂ ಬಣ್ಣ ಏರುವ ತನಕ ಕಾಯಬಹುದು. ತುಸು ಕಿತ್ತಳೆ ಛಾಯೆಯ ಆ ಕೆಂಪು ಕಣ್ಣಿಗೆ ಅಷ್ಟು ಗಾಢವಲ್ಲ, ಬಾಯಿಗೆ ಮಾತ್ರ ಹುಳಿ ಕಡಿಮೆ, ಸಿಹಿ ಹೆಚ್ಚು. ವ್ಯಾಪಾರಕ್ಕೆ ಕುಂದಾದದ್ದು ಮನೆಗೆ ಕುಂದೇ ಅಲ್ಲ.

ನಿಜವಾದ ತೊಡಕು ನಮ್ಮ ಎರೆಮಣ್ಣು. ಅಕ್ಟೋಬರಿನ ಮಳೆ ಒಂದೆರಡು ದಿನ ಹಿಡಿದರೆ ನೀರು ಇಂಗದೆ ಬುಡ ಕೊಳೆಯುತ್ತದೆ. ಮಡಿ ಎತ್ತರಿಸಬೇಕು, ಇಲ್ಲವೇ ಕುಂಡ ಹಿಡಿಯಬೇಕು. ಎಲೆ ಚಿಗುರುವ ಸುಳಿಯನ್ನು ಮಣ್ಣಿನಲ್ಲಿ ಹೂಳಲೇಬಾರದು. ಬೋರಿನ ಸವಳು ನೀರೂ ಇದಕ್ಕೆ ಆಗದು, ಎಲೆಯ ಅಂಚು ಸುಟ್ಟಂತಾಗುತ್ತದೆ. ಹಣ್ಣು ಮಣ್ಣಿಗೆ ತಾಗದಂತೆ ಹಾಸಲು ಕಬ್ಬಿನ ರವದಿ ಸಾಕು. ಈ ಸೀಮೆಯಲ್ಲಿ ಅದಕ್ಕೇನು ಬರ?

ಬೇಸಿಗೆ ದಾಟಿಸಿ ಅದೇ ಗಿಡದಿಂದ ಮರುವರ್ಷ ಫಲ ತೆಗೆಯುವ ಹಟವನ್ನು ನಾನು ಒಪ್ಪಲಾರೆ. ನೆರಳು, ನೀರು, ಆರೈಕೆ ಎಲ್ಲ ಸುರಿದರೂ ಸೊರಗಿದ ಗಿಡ ಕೊಡುವುದು ಅಷ್ಟಕ್ಕಷ್ಟೆ. ಇದನ್ನು ಚಳಿಗಾಲದ ಒಂದು ಬೆಳೆ ಎಂದೇ ಎಣಿಸಿ, ಹಣ್ಣು ಸಣ್ಣದಾಗತೊಡಗಿದೊಡನೆ ಗಿಡ ಕಿತ್ತು ಆ ಮಡಿಗೆ ಸವತೆ ಬೀಜ ಊರುವುದೇ ಸರಿ.