ಬ್ರೀಕಿನ್ ಸಿಟಿಯ ಸೊನ್ನೆ

ಫುಟ್‌ಬಾಲ್ ಲೀಗಿನ ಅಂಕಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುವವನು. ಮೇಲಿನ ಸಾಲುಗಳಲ್ಲಿ ಇರುವುದು ದುಡ್ಡಿನ ಕಥೆ, ಅದು ಯಾವ ದೇಶಕ್ಕೆ ಹೋದರೂ ಒಂದೇ. ಊರಿನ ಕಥೆ ಬೇಕಿದ್ದರೆ ತಳಕ್ಕೇ ಇಳಿಯಬೇಕು. ಹಾಗೆ ಇಳಿದು ನೋಡುವವರಿಗೆ 2017–18ರ ಸ್ಕಾಟಿಷ್ ಚಾಂಪಿಯನ್‌ಶಿಪ್‌ನ ಹತ್ತನೇ ಸಾಲು ಅಪರೂಪದ ಸರಕು. ಬ್ರೀಕಿನ್ ಸಿಟಿ: ಆಡಿದ್ದು 36, ಗೆದ್ದದ್ದು 0, ಡ್ರಾ 4, ಸೋತದ್ದು 32. ಹೊಡೆದ ಗೋಲು 20, ಬಿಟ್ಟುಕೊಟ್ಟದ್ದು 90. ಗಳಿಸಿದ ಪಾಯಿಂಟು ನಾಲ್ಕೇ ನಾಲ್ಕು.

ಹೆಸರಿನಲ್ಲಿ ಸಿಟಿ ಇದ್ದರೂ ಬ್ರೀಕಿನ್ ಸುಮಾರು ಏಳು ಸಾವಿರ ಜನರ ಊರು. ಸ್ಕಾಟ್ಲೆಂಡಿನ ಪೂರ್ವ ಭಾಗದ ಆಂಗಸ್ ಸೀಮೆಯಲ್ಲಿದೆ. ಹಳೆಯದೊಂದು ಕತೀಡ್ರಲ್ ಇರುವುದರಿಂದ ಊರವರು ತಮ್ಮದನ್ನು ನಗರ ಎಂದೇ ಕರೆದುಕೊಂಡು ಬಂದಿದ್ದಾರೆ. ಗ್ಲೀಬ್ ಪಾರ್ಕ್ ಎಂಬ ಅವರ ಅಂಗಳದ ಒಂದು ಬದಿಗೆ ಗೋಡೆಯಿಲ್ಲ, ಸ್ಟ್ಯಾಂಡೂ ಇಲ್ಲ. ಆಳೆತ್ತರ ಮೀರಿದ, ಕತ್ತರಿಸಿ ಒಪ್ಪಮಾಡಿದ ಹಸಿರು ಬೇಲಿ ಉದ್ದಕ್ಕೂ ನಿಂತಿದೆ. ರೇಡಾರ್ ತಂತ್ರಜ್ಞಾನದ ಆದ್ಯರಲ್ಲೊಬ್ಬನಾದ ರಾಬರ್ಟ್ ವಾಟ್ಸನ್-ವಾಟ್ ಹುಟ್ಟಿದ್ದು ಈ ಊರಿನಲ್ಲಿ. ಬರುವ ದಾಳಿಯನ್ನು ದೂರದಿಂದಲೇ ಕಾಣುವ ಅವನ ವಿದ್ಯೆ ಊರಿನ ಡಿಫೆಂಡರುಗಳಿಗೆ ಮಾತ್ರ ದಕ್ಕಲಿಲ್ಲ ಎಂದು ತಮಾಷೆ ಮಾಡಬಹುದಿತ್ತು. ಆದರೆ ಅಂಕಿ ಅಂಶ ಬೇರೆಯೇ ಹೇಳುತ್ತದೆ. ಆ ಮಾತು ಆಮೇಲೆ.

ಮೊದಲು ಕೇಳಬೇಕಾದ ಪ್ರಶ್ನೆ, ಇವರು ಅಲ್ಲಿಗೆ ಹೋದದ್ದಾದರೂ ಹೇಗೆ? ಸ್ಕಾಟ್ಲೆಂಡಿನಲ್ಲಿ ಮೇಲಿನಿಂದ ಪ್ರೀಮಿಯರ್‌ಶಿಪ್, ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂದು ನಾಲ್ಕು ದರ್ಜೆ, ಒಟ್ಟು 42 ಕ್ಲಬ್ಬುಗಳು. ಲೀಗ್ ಒನ್ ಗೆದ್ದವರಿಗೆ ನೇರ ಬಡ್ತಿ. ಎರಡು, ಮೂರು, ನಾಲ್ಕನೇ ಸ್ಥಾನದವರು ಚಾಂಪಿಯನ್‌ಶಿಪ್‌ನ ಒಂಬತ್ತನೆಯವರ ಜೊತೆ ಸೇರಿ ಇನ್ನೊಂದು ಜಾಗಕ್ಕೆ ಪ್ಲೇ ಆಫ್ ಆಡುತ್ತಾರೆ. 2016–17ರಲ್ಲಿ ಲಿವಿಂಗ್‌ಸ್ಟನ್ ಲೀಗ್ ಒನ್ ಗೆದ್ದಿತು. ಬ್ರೀಕಿನ್ ನಾಲ್ಕನೆಯದು. ಆ ನಾಲ್ಕನೆಯ ತಂಡ ಮೇಲಿನ ದರ್ಜೆಯ ರೇತ್ ರೋವರ್ಸನ್ನು ಪೆನಾಲ್ಟಿಯಲ್ಲಿ ಉರುಳಿಸಿತು, ಫೈನಲಿನಲ್ಲಿ ಅಲೋವಾವನ್ನೂ ಪೆನಾಲ್ಟಿಯಲ್ಲೇ ಮಣಿಸಿತು. ಊರು ಕುಣಿಯಿತು. ಕುಣಿಯದೆ ಇರಲು ಕಾರಣವೇನೂ ಇರಲಿಲ್ಲ. ಆದರೆ ಮುಂದಿನ ಹತ್ತು ತಿಂಗಳ ಸಂಕಟದ ಬೀಜ ಬಿದ್ದದ್ದು ಆ ಸಂಜೆಯೇ. ಸೋತಿದ್ದರೆ ಬ್ರೀಕಿನ್ ತನ್ನ ಅಳತೆಯ ಲೀಗಿನಲ್ಲಿ ಇನ್ನೊಂದು ಸಾಧಾರಣ ಋತು ಕಳೆದು, ಯಾರ ನೆನಪಿಗೂ ಬಾರದೆ ಸುಖವಾಗಿರುತ್ತಿತ್ತು.

ಆಗಸ್ಟಿನಲ್ಲಿ ಎದುರು ನಿಂತವರನ್ನು ನೋಡಿ. ಡಂಡೀ ಯುನೈಟೆಡ್, 1987ರಲ್ಲಿ ಯುಯೆಫಾ ಕಪ್ ಫೈನಲ್ ಆಡಿದ ಕ್ಲಬ್ಬು. ಇನ್ವರ್ನೆಸ್, 2015ರ ಸ್ಕಾಟಿಷ್ ಕಪ್ ಗೆದ್ದು, ಆಗಷ್ಟೇ ಪ್ರೀಮಿಯರ್‌ಶಿಪ್‌ನಿಂದ ಜಾರಿ ಬಂದವರು. ಸೇಂಟ್ ಮಿರನ್, ಫಾಲ್ಕರ್ಕ್, ಡನ್‌ಫರ್ಮ್ಲಿನ್. ಹತ್ತು ತಂಡಗಳ ಲೀಗಾದ್ದರಿಂದ ಒಬ್ಬೊಬ್ಬರನ್ನು ನಾಲ್ಕು ನಾಲ್ಕು ಸಲ ಎದುರಿಸಬೇಕು. ಈ ಪದ್ಧತಿಯನ್ನು ಸ್ಕಾಟ್ಲೆಂಡಿನವರೇ ಬೈಯುತ್ತಾರೆ, ಅದೇ ಮುಖ ಮತ್ತೆ ಮತ್ತೆ ನೋಡಿ ಬೇಸರವೆಂದು. ನನಗೇನೋ ಇಷ್ಟ. ನಾಲ್ಕನೇ ಭೇಟಿಯ ಹೊತ್ತಿಗೆ ಎದುರಾಳಿಯ ಲೆಫ್ಟ್ ಬ್ಯಾಕ್ ಯಾವ ಕಾಲಿನಲ್ಲಿ ದುರ್ಬಲ ಎಂಬುದು ಪ್ರೇಕ್ಷಕರಿಗೂ ಗೊತ್ತಿರುತ್ತದೆ. ಆದರೆ ದುರ್ಬಲರಿಗೆ ಇದು ಕ್ರೂರ ಪದ್ಧತಿ ಎಂಬುದು ನಿಜ. ಒಂದು ಸಲ ಕಣ್ತಪ್ಪಿಸಿ ಡ್ರಾ ಮಾಡಿಕೊಂಡವರನ್ನು ಇನ್ನೂ ಮೂರು ಸಲ ಎದುರಿಸಿ ಲೆಕ್ಕ ಚುಕ್ತಾ ಮಾಡಬೇಕು.

ಬ್ರೀಕಿನ್ ಆಟಗಾರರಿಗೆ ಫುಟ್‌ಬಾಲ್ ಅರೆಕಾಲಿಕ ಕೆಲಸ. ಹಗಲು ಬೇರೆ ಉದ್ಯೋಗ, ಅದು ಮುಗಿದ ಮೇಲೆ ಸಂಜೆ ಅಭ್ಯಾಸ, ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ. (ಚಳಿಗಾಲದಲ್ಲಿ ಅದು ನಮ್ಮ ರಾತ್ರಿ ಎಂಟೂವರೆ. ಬೆಂಗಳೂರಿನಲ್ಲಿ ಕೂತು ಈ ಲೀಗನ್ನು ಹಿಂಬಾಲಿಸುವವರು ಒಂದು ಕಣ್ಣು ಮೊಬೈಲಿನ ಸ್ಕೋರಿನ ಮೇಲಿಟ್ಟೇ ಊಟ ಮಾಡಬೇಕು.) ಎದುರಾಳಿಗಳಲ್ಲಿ ಹೆಚ್ಚಿನವರು ದಿನವಿಡೀ ಚೆಂಡಿನ ಜೊತೆಗೇ ಇರುವ ಪೂರ್ಣಾವಧಿಯವರು. ಆ ವರ್ಷ ಬ್ರೀಕಿನ್‌ನಂತೆ ಅರೆಕಾಲಿಕವಾಗಿದ್ದ ಇನ್ನೊಂದು ತಂಡ ಡಂಬಾರ್ಟನ್ ಒಂಬತ್ತನೆಯದಾಯಿತು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಎಪ್ಪತ್ತನೇ ನಿಮಿಷದ ನಂತರ ಕಾಲು ಕೇಳುವುದು ಛಲವನ್ನಲ್ಲ, ವಾರದ ಐದು ದಿನದ ಓಟವನ್ನು.

ಈಗ ಅಂಕಿಗೆ ಬರುತ್ತೇನೆ. ಸ್ಕಾಟಿಷ್ ಲೀಗಿನಲ್ಲಿ ಇದಕ್ಕೆ ಮೊದಲು ಇಡೀ ಋತು ಗೆಲುವಿಲ್ಲದೆ ಕಳೆದ ತಂಡ 1891–92ರ ವೇಲ್ ಆಫ್ ಲೀವನ್. ಅದಕ್ಕೆ ಹದಿಮೂರು ವರ್ಷ ಹಿಂದಷ್ಟೇ ಸತತ ಮೂರು ಸಲ ಸ್ಕಾಟಿಷ್ ಕಪ್ ಗೆದ್ದಿದ್ದ ತಂಡ ಅದು! 22 ಪಂದ್ಯ, 5 ಡ್ರಾ, 17 ಸೋಲು. 24 ಗೋಲು ಹೊಡೆದು 100 ಬಿಟ್ಟುಕೊಟ್ಟಿತ್ತು. ಅಂದರೆ ಪಂದ್ಯಕ್ಕೆ ನಾಲ್ಕೂವರೆ ಗೋಲಿನ ಹೊಡೆತ. ಬ್ರೀಕಿನ್ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಎರಡೂವರೆ. ಸೋಲುವವರ ಲೋಕದಲ್ಲಿ ಇದು ಮರ್ಯಾದಸ್ಥ ಅಂಕಿ. 2003–04ರಲ್ಲಿ ವಾರಕ್ಕೆ ಹತ್ತು ಪೌಂಡ್ ಸಂಬಳಕ್ಕೆ ಆಡುತ್ತಿದ್ದ ಈಸ್ಟ್ ಸ್ಟರ್ಲಿಂಗ್‌ಷೈರ್ 118 ಗೋಲು ತಿಂದೂ ಎರಡು ಪಂದ್ಯ ಗೆದ್ದಿತ್ತು. ಅವರು 30 ಹೊಡೆದಿದ್ದರು. ಬ್ರೀಕಿನ್ ಹೊಡೆದದ್ದು 20, ಎರಡು ಪಂದ್ಯಕ್ಕೆ ಒಂದರಂತೆ. ಹಾಗಾಗಿ ಬ್ರೀಕಿನ್ ಪುಡಿಪುಡಿಯಾದ ತಂಡವಲ್ಲ, ಗೋಲು ಹೊಡೆಯಲು ಯಾರೂ ಇಲ್ಲದ ತಂಡ. ಹಿಂದೆ ನಿಂತವರು ಮೈಮುರಿದು ತಡೆದರು, ಮುಂದೆ ಹೋದ ಚೆಂಡು ಹಾಗೇ ಹಿಂದಿರುಗಿ ಬಂತು. ವಾಟ್ಸನ್-ವಾಟ್‌ನ ತಮಾಷೆಯನ್ನು ನಾನು ಹಿಂತೆಗೆದುಕೊಂಡದ್ದು ಇದಕ್ಕೇ. ಒಬ್ಬನೇ ಒಬ್ಬ ಸ್ಟ್ರೈಕರ್ ಇದ್ದಿದ್ದರೆ ಹಿಂಬಡ್ತಿ ತಪ್ಪುತ್ತಿರಲಿಲ್ಲ, ಆದರೆ ಆ ಸೊನ್ನೆ ತಪ್ಪುತ್ತಿತ್ತು.

ಮ್ಯಾನೇಜರ್ ಡ್ಯಾರೆನ್ ಡಾಡ್ಸ್‌ನನ್ನು ಕ್ಲಬ್ಬು ಆ ಋತುವಿಡೀ ಮನೆಗೆ ಕಳಿಸಲಿಲ್ಲ. ತಂಡವನ್ನು ಮೇಲಕ್ಕೆ ತಂದವನೇ ಅವನು. ತನ್ನ ಕೈಮೀರಿದ ಲೀಗಿನಲ್ಲಿ ಸೋತದ್ದಕ್ಕೆ ಅವನ ತಲೆ ತೆಗೆಯುವುದು ಅಧ್ಯಕ್ಷರುಗಳಿಗೆ ಸುಲಭದ ದಾರಿ. ಆ ದಾರಿ ಹಿಡಿಯಲಿಲ್ಲವೆಂಬುದಕ್ಕೆ ಗ್ಲೀಬ್ ಪಾರ್ಕಿನವರ ಮೇಲೆ ನನಗೆ ಗೌರವ. ನಡುವೆ, 2018ರ ಜನವರಿಯಲ್ಲಿ, ಸ್ಕಾಟಿಷ್ ಕಪ್‌ನಲ್ಲಿ ಸೆಲ್ಟಿಕ್ ಅಂಗಳಕ್ಕೂ ಹೋಗಿ 5–0 ಸೋತು ಬಂದರು. ಆ ವರ್ಷ ದೇಶದ ಮೂರೂ ಟ್ರೋಫಿ ಗೆದ್ದವರ ಎದುರು ಐದು ಗೋಲು ದೊಡ್ಡ ಅವಮಾನವೇನಲ್ಲ. ಬಡ್ತಿಯಲ್ಲಿ ಜೊತೆಗಾರನಾಗಿದ್ದ ಲಿವಿಂಗ್‌ಸ್ಟನ್ ಅದೇ ಋತುವಿನಲ್ಲಿ ಎರಡನೇ ಸ್ಥಾನ ಹಿಡಿದು, ಪ್ಲೇ ಆಫ್ ಗೆದ್ದು ಪ್ರೀಮಿಯರ್‌ಶಿಪ್‌ಗೇ ಏರಿತು.

ಬ್ರೀಕಿನ್ ಇಳಿಯುತ್ತಲೇ ಹೋಯಿತು. 2018ರಲ್ಲಿ ಲೀಗ್ ಒನ್‌ಗೆ, 2019ರಲ್ಲಿ ಲೀಗ್ ಟೂಗೆ. 2020ರಲ್ಲಿ ತಳದಲ್ಲಿದ್ದಾಗ ಕೋವಿಡ್ ಬಂದು ಪ್ಲೇ ಆಫ್ ರದ್ದಾದ್ದರಿಂದ ಬದುಕಿಕೊಂಡಿತು. 2021ರಲ್ಲಿ ಪ್ಲೇ ಆಫ್‌ನಲ್ಲಿ ಕೆಲ್ಟಿ ಹಾರ್ಟ್ಸ್ ಎದುರು ಸೋತು 42ರ ಪಟ್ಟಿಯಿಂದಲೇ ಹೊರಬಿದ್ದು, ಅದರ ಕೆಳಗಿನ ಹೈಲ್ಯಾಂಡ್ ಲೀಗ್ ಸೇರಿತು. ಹಿಂದೆ ಇಂಥ ಭಯವೇ ಇರಲಿಲ್ಲ. ಈಸ್ಟ್ ಸ್ಟರ್ಲಿಂಗ್‌ಷೈರ್ ಸತತ ಐದು ಋತು ಕಟ್ಟಕಡೆಯಲ್ಲಿದ್ದೂ ಲೀಗಿನಲ್ಲೇ ಉಳಿದಿತ್ತು. ಕೆಳಗಿನ ಬಾಗಿಲು ತೆರೆದದ್ದು 2014–15ರ ಋತುವಿನಲ್ಲಿ. ತೆರೆದದ್ದು ಸರಿಯೇ. ನಮ್ಮ ಐಎಸ್‌ಎಲ್ ಶುರುವಾಗಿ ವರ್ಷಗಟ್ಟಲೆ ಹಿಂಬಡ್ತಿಯ ಭಯವೇ ಇಲ್ಲದೆ ಆಡಿದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ತೆರೆದ ಬಾಗಿಲು ತೀರಾ ಕಿರಿದಾಗಿತ್ತು. ಹೈಲ್ಯಾಂಡ್ ಚಾಂಪಿಯನ್ನರು ಮೊದಲು ಅದೇ ಮಟ್ಟದ ಲೋಲ್ಯಾಂಡ್ ಲೀಗಿನ ಚಾಂಪಿಯನ್ನರನ್ನು ಸೋಲಿಸಬೇಕಿತ್ತು, ಆಮೇಲೆ ಲೀಗ್ ಟೂನ ಕೊನೆಯವರನ್ನು. ಎರಡು ಲೀಗು ಗೆದ್ದವರಲ್ಲಿ ಒಬ್ಬರಂತೂ ಅಲ್ಲೇ ಉದುರುತ್ತಿದ್ದರು. ಕೊನೆಯ ಸ್ಥಾನದಲ್ಲಿ ಕೂತವರಿಗೆ ಮಾತ್ರ ಇನ್ನೊಂದು ಅವಕಾಶವಿತ್ತು. ಕೊನೆಯವರು ನೇರವಾಗಿ ಇಳಿಯಲಿ, ಗೆದ್ದವರು ನೇರವಾಗಿ ಏರಲಿ ಎಂಬುದು ನನ್ನ ವಾದ. 2022–23ರಲ್ಲಿ ಬ್ರೀಕಿನ್ ಹೈಲ್ಯಾಂಡ್ ಲೀಗನ್ನು ಗೆದ್ದಿತು. ಲೋಲ್ಯಾಂಡಿನ ಸ್ಪಾರ್ಟನ್ಸ್ ಎದುರು ಪ್ಲೇ ಆಫ್‌ನಲ್ಲಿ ಸೋತು ಅಲ್ಲೇ ಉಳಿಯಿತು. ನಾಲ್ಕನೆಯದಾಗಿದ್ದಾಗ ಬಡ್ತಿ ಸಿಕ್ಕ ಕ್ಲಬ್ಬಿಗೆ ಚಾಂಪಿಯನ್ ಆದಾಗ ಸಿಗಲಿಲ್ಲ.