ಕರಿ ಒಂದು, ಬಿಳಿ ಎರಡರ ನಡುವೆ

ಗದುಗಿನ ಪುಟ್ಟರಾಜ ಗವಾಯಿಗಳ ಮೇಲೆ ಬಂದ ಬರಹಗಳನ್ನು ರಾಶಿ ಹಾಕಿ ತೂರಿದರೆ ಪವಾಡ ಮೊರದ ತುಂಬ ಸಿಗುತ್ತವೆ. ಅವರು ಪಾಠ ಹೇಗೆ ಹೇಳುತ್ತಿದ್ದರು ಎಂಬುದಕ್ಕೆ ಹಿಡಿ ಕಾಳೂ ಉಳಿಯುವುದಿಲ್ಲ. ದೇವರ ಪಟ್ಟ ಕಟ್ಟಿದ ಮೇಲೆ ಮಾಸ್ತರರನ್ನು ಯಾರು ನೋಡುತ್ತಾರೆ?

ಇನ್ನೊಂದು ಕಡೆ ಘರಾಣೆಯ ಲೆಕ್ಕದವರು. ಗವಾಯಿಗಳು ಪಾಠ ಹೇಳಿದ ಗದುಗಿನ ಪುಣ್ಯಾಶ್ರಮವನ್ನು ಅವರು ಅಳೆಯುವುದು ಬಸವರಾಜ ರಾಜಗುರು, ವೆಂಕಟೇಶ ಕುಮಾರರಂಥ ನಾಲ್ಕಾರು ಹೆಸರುಗಳಿಂದ. (ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರನ್ನೂ ಪುಟ್ಟರಾಜರ ಖಾತೆಗೆ ಜಮಾ ಮಾಡುವ ಮಹನೀಯರಿದ್ದಾರೆ.) ವೇದಿಕೆ ಏರಿದವರ ತಲೆ ಎಣಿಸಿ ಗುರುವನ್ನು ತೂಗುವ ಈ ತಕ್ಕಡಿ ಮುಂಬಯಿ, ಪುಣೆಯದು. ಆಶ್ರಮದ ಫಲ ನೋಡಬೇಕೆಂದರೆ ಶ್ರಾವಣದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬರಬೇಕು. ಪುರಾಣ ಹಚ್ಚಿದ ಗುಡಿಯಲ್ಲಿ ಶಾಸ್ತ್ರಿಗಳ ಪಕ್ಕ ಹಾರ್ಮೋನಿಯಂ ಪೇಟಿ ಹಿಡಿದು ಕೂತವರು, ತಬಲಾ ಸಾಥಿಗೆ ಬಂದವರು ಬಹಳ ಸಲ ಗದುಗಿನ ಅನ್ನ ಉಂಡವರೇ.

1944ರಲ್ಲಿ ಗುರು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ 2010ರವರೆಗೆ ಆಶ್ರಮ ನಡೆಸಿದವರು ಪುಟ್ಟರಾಜರು. ಗುರುವಿಗೂ ಕಣ್ಣಿರಲಿಲ್ಲ, ಶಿಷ್ಯನಿಗೂ ಇರಲಿಲ್ಲ. ಊಟ, ವಸತಿ, ಪಾಠ ಯಾವುದಕ್ಕೂ ಹಣವಿಲ್ಲ, ಜಾತಿ ಕೇಳುವುದಿಲ್ಲ. ಅಂಧ ಹುಡುಗ ಊರಿಗೆ ಮರಳಿದ ದಿನ ಯಾರ ಮುಂದೂ ಕೈಯೊಡ್ಡಬಾರದು: ಪುಟ್ಟರಾಜ ಅಜ್ಜಾರ ಶಿಕ್ಷಣತತ್ವವೆಂದರೆ ನನಗೆ ಕಾಣುವುದು ಇಷ್ಟೇ. ಅದಕ್ಕೇ ಖ್ಯಾಲಿನ ಜೊತೆ ವಚನ, ಕಂಠದ ಜೊತೆ ಪೇಟಿ, ತಬಲಾ, ಸಾಲದ್ದಕ್ಕೆ ನಾಟಕ ಕಂಪನಿ. ಇದಕ್ಕಿಂತ ಪ್ರಾಮಾಣಿಕವಾದ ಸಂಗೀತ ಪಾಠಶಾಲೆ ನಮ್ಮ ಸೀಮೆ ಕಂಡಿಲ್ಲ.

ಆದರೂ ನನ್ನ ಕಿವಿಗೆ ಚುಚ್ಚುವ ಮುಳ್ಳೊಂದು ಇದೇ ಪಾಠದೊಳಗಿಂದ ಬಂದದ್ದು. ಹಳೆಯ ಜೇವರ್ಗಿ ತಾಲೂಕಿನ ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಭಜನಾ ಮೇಳದವರು ಏಕತಾರಿ, ದಮ್ಮಡಿ, ತಾಳದ ಮೇಲೆ ಹಾಡುತ್ತಾರೆ. ಆ ರಾತ್ರಿಯ ಶ್ರುತಿ ಹಾಡುವವನ ಗಂಟಲಿನದು. ತಂತಿ ಅದಕ್ಕೆ ತಕ್ಕಂತೆ ಬಿಗಿಯುತ್ತದೆ. ಪಲ್ಲವಿ ಹಿಮ್ಮೇಳಕ್ಕೆ ಹೋಗಿ ಮರಳುವಷ್ಟರಲ್ಲಿ ಒಗಟಿನ ಒಂದು ಗಂಟು ಕೇಳುವವನೊಳಗೆ ಸಡಿಲಾಗಿರುತ್ತದೆ. ಗವಾಯಿ ಪೇಟಿ ತೆರೆದ ಕೂಡಲೇ ಆ ಬಿಡುವು ತಾನಿನ ಪಾಲಾಗುತ್ತದೆ. ಧಾಟಿ ಹೋಗಿ ರಾಗ ಬರುತ್ತದೆ. ಭೈರವಿಯ ಕೋಮಲ ಸ್ವರಗಳಲ್ಲಿ ಮಡಿವಾಳಪ್ಪನ ಬೈಗುಳವೂ ಬಿನ್ನಹವಾಗಿಬಿಡುತ್ತದೆ! ಢೋಂಗಿ ಮಠದಯ್ಯನನ್ನು ಝಾಡಿಸಿದ ಪದ ಕೇಳಿ ಅದೇ ಅಯ್ಯ ತಲೆದೂಗುತ್ತಾನೆ.

ಶಾಸ್ತ್ರೀಯ ಸ್ಪರ್ಶದಿಂದ ಜನಪದ ಮೇಲೇರಿತೆಂದು ಇದನ್ನೇ ಹೊಗಳಿ ಬರೆಯುವ ವಿಮರ್ಶಕರಿದ್ದಾರೆ. ಏರಬೇಕಾದರೆ ಅದು ಯಾವ ತಗ್ಗಿನಲ್ಲಿ ಬಿದ್ದಿತ್ತು? ಘರಾಣೆಯವರು ತಪ್ಪನ್ನೆಲ್ಲ ಪೇಟಿಯ ತಲೆಗೆ ಕಟ್ಟುತ್ತಾರೆ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟ ಕಥೆಯನ್ನು ಇವತ್ತಿಗೂ ಬಿಟ್ಟಿಲ್ಲ. ಕಣ್ಣಿಲ್ಲದ ಹುಡುಗನಿಗೆ ಪೇಟಿಯಂಥ ಗೆಳೆಯ ಇನ್ನೊಂದಿಲ್ಲ: ಬೆರಳಿಟ್ಟಲ್ಲಿ ಸ್ವರ ಇದ್ದೇ ಇರುತ್ತದೆ. ಅವರ ತಕರಾರು ಮೀಂಡಿನದು, ನನ್ನದು ಮಾತಿನದು. ಹತ್ತು ಊರಿನಲ್ಲಿ ಹೊಟ್ಟೆ ಹೊರೆಯಲು ಕಲಿಸಿದ ವಿದ್ಯೆ ಹತ್ತು ಊರಿನ ಧಾಟಿಗಳನ್ನು ಒಂದೇ ಅಚ್ಚಿಗೆ ಹೊಯ್ಯಿತು. ಅಜ್ಜಾರನ್ನು ದೇವರೆಂದವರಿಗೆ ಇದು ಕೇಳಿಸಲಾರದು.

ಜೇವರ್ಗಿ ಕಡೆಯ ಒಂದು ಗುಡಿಯಲ್ಲಿ, ಗವಾಯಿ ಚಹಾಕ್ಕೆಂದು ಎದ್ದಾಗ ಮುದುಕನೊಬ್ಬ ಏಕತಾರಿ ಎತ್ತಿಕೊಂಡ. ಗವಾಯಿ ಬಂದು ಪೇಟಿಯ ಕರಿ ಒಂದು ಒತ್ತಿದರು, ಕೂಡಲಿಲ್ಲ. ಬಿಳಿ ಎರಡು ಒತ್ತಿದರು, ಅದೂ ಕೂಡಲಿಲ್ಲ. ಮುದುಕನ ಶ್ರುತಿ ಎರಡರ ನಡುವೆ ಎಲ್ಲೋ ನಿಂತಿತ್ತು. ಗವಾಯಿ ನಕ್ಕು, ತಿದಿ ಮುಚ್ಚಿ, ಪಕ್ಕದವನ ಕೈಯಿಂದ ತಾಳ ಇಸಿದುಕೊಂಡರು.