ಪಾತ್ರ ಮತ್ತು ತೀರ: ಮೂಸಿ ನದಿಯ ಎರಡು ಯೋಜನೆಗಳನ್ನು ಕುರಿತು

ವಿಕಾರಾಬಾದಿನ ಅನಂತಗಿರಿ ಬೆಟ್ಟಗಳ ಸೀಮೆ ಎರಡು ನದಿಗಳ ತವರು. ಒಂದು, ಪಶ್ಚಿಮಕ್ಕಿಳಿದು ತಾಂಡೂರನ್ನು ದಾಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮಗ್ಗುಲಲ್ಲಿ ಹರಿದು ಭೀಮೆಯನ್ನು ಸೇರುವ ಕಾಗಿಣಾ. ಇನ್ನೊಂದು, ಪೂರ್ವಕ್ಕೆ ತಿರುಗಿ ಹೈದರಾಬಾದ್ ನಗರವನ್ನು ಇಬ್ಭಾಗ ಮಾಡಿ, ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಕೂಡುವ ಮೂಸಿ; ಪುರಾಣದ ಹೆಸರಿನಲ್ಲಿ ಮುಚುಕುಂದಾ. ಮೊದಲನೆಯದನ್ನು ತನ್ನದೆಂದು ಬಗೆಯುವುದು ಕನ್ನಡ ಅಧ್ಯಯನಕ್ಕೆ ಸಹಜ. ಆದರೆ 1956ರವರೆಗೆ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯಾಗಿದ್ದುದು ಮೂಸಿಯ ದಂಡೆಯ ನಗರ. ಆ ನದಿಯ ಆಧುನಿಕ ರೂಪವನ್ನು ಮೊದಲು ಕಾಗದದ ಮೇಲೆ ಇಳಿಸಿದವರು ಎಂ. ವಿಶ್ವೇಶ್ವರಯ್ಯನವರು. ಈಗ ಅದೇ ದಂಡೆಯಲ್ಲಿ ಉದ್ಯಾನ, ಕಾಲುದಾರಿ, ಸಾರ್ವಜನಿಕ ವಿಹಾರತಾಣಗಳನ್ನು ನಿರ್ಮಿಸುವ ಹೊಸ ಯೋಜನೆ ಸಿದ್ಧವಾಗುತ್ತಿದೆ. ಶತಮಾನಕ್ಕೂ ಮಿಕ್ಕ ಅಂತರದ ಈ ಎರಡು ಯೋಜನೆಗಳನ್ನು ಎರಡು ಪಠ್ಯಗಳಂತೆ ಜೊತೆಗಿಟ್ಟು ಓದಿದರೆ, ನದಿಯೆಂದರೇನು ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರಗಳ ವ್ಯತ್ಯಾಸ ತಿಳಿಯುತ್ತದೆ.

1908ರ ಸೆಪ್ಟೆಂಬರ್ 28ರ ಪ್ರವಾಹ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜಿನ ಹುಣಸೆಯ ಮರವೊಂದನ್ನೇರಿ ಬದುಕಿಕೊಂಡವರ ನೆನಪನ್ನು ನಗರ ಇಂದಿಗೂ ಉಳಿಸಿಕೊಂಡಿದೆ. ನಿಜಾಮ ಸರಕಾರದ ಆಹ್ವಾನದ ಮೇರೆಗೆ 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ಕಾರಣವನ್ನು ಹುಡುಕಿದ್ದು ನಗರದೊಳಗಲ್ಲ, ನಗರದ ಮೇಲ್ಭಾಗದ ಜಲಾನಯನದಲ್ಲಿ. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುಹೋಗಿದ್ದವು. ಒಂದು ಕೆರೆಯ ಏರಿ ಒಡೆದಾಗ ಅದರ ನೀರು ಕೆಳಗಿನ ಕೆರೆಯನ್ನು ಒಡೆಯುತ್ತದೆ. ಸರಪಳಿಯ ಕೊನೆಯ ಕೊಂಡಿ ಊರು. ಆದ್ದರಿಂದ ಅವರ ಪರಿಹಾರವೂ ಮೇಲಿನಿಂದಲೇ ಮೊದಲಾಯಿತು. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಇನ್ನೊಂದು ಜಲಾಶಯ. ಕ್ರಮವಾಗಿ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಹಿಮಾಯತ್ ಸಾಗರ. ನಗರದೊಳಗೆ ದಂಡೆಗಳನ್ನು ಎತ್ತರಿಸುವುದು, ಒಳಚರಂಡಿಯನ್ನು ರೂಪಿಸುವುದು, ಕೊನೆಗೆ ದಂಡೆಯ ಮೇಲೆ ಉದ್ಯಾನಗಳನ್ನು ಬೆಳೆಸುವುದು.

ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಉದ್ಯಾನ ಆ ಯೋಜನೆಯಲ್ಲಿಯೂ ಇದೆ. ಆದರೆ ಅದು ವಾಕ್ಯದ ಕೊನೆಯ ಪದ. ಜಲಾನಯನ, ಜಲಾಶಯ, ಒಳಚರಂಡಿ ಇವೆಲ್ಲ ಪೂರೈಸಿದ ಮೇಲಷ್ಟೆ ಅದಕ್ಕೆ ಅರ್ಥ. 1951ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ನೆನಪುಗಳಲ್ಲಿ ವಿಶ್ವೇಶ್ವರಯ್ಯನವರು ಹೈದರಾಬಾದಿನ ಕೆಲಸವನ್ನು ನಿರೂಪಿಸುವ ನಿರ್ಭಾವುಕ ಗದ್ಯದಲ್ಲಿಯೂ ಈ ಕಾರಣ-ಕಾರ್ಯಗಳ ಕ್ರಮ ಸಡಿಲವಾಗುವುದಿಲ್ಲ.

ಹಾಗೆಂದು ಆ ಪಠ್ಯವನ್ನು ಪೂಜಿಸುವುದು ವಿಮರ್ಶೆಯಾಗದು. ಅದಕ್ಕೂ ಮೌನಗಳಿವೆ. ಪ್ರವಾಹವನ್ನು ತಡೆದ ಜಲಾಶಯಗಳೇ ನಗರದ ಕುಡಿಯುವ ನೀರಿನ ಆಕರಗಳಾದಾಗ, ಕೆಳಗಿನ ನದಿಗೆ ವರ್ಷದ ಬಹುಪಾಲು ತನ್ನದೇ ನೀರು ಇಲ್ಲವಾಯಿತು. ಬರಿದಾದ ಪಾತ್ರವನ್ನು ಬೆಳೆಯುತ್ತಿದ್ದ ನಗರದ ಕೊಳಚೆ ತುಂಬಿತು. ಎಂಜಿನಿಯರರ ವರದಿಗೆ ನದಿ ಮುಖ್ಯವಾಗಿ ಒಂದು ಅಪಾಯ ಮತ್ತು ಒಂದು ಸಂಪನ್ಮೂಲ. ತನ್ನ ಪಾಡಿಗೆ ಹರಿಯುವ ಹಕ್ಕುಳ್ಳ ಜೀವವಲ್ಲ. ಇಂದಿನ ಯೋಜನೆ ಈ ಕೊರತೆಯನ್ನು ತುಂಬಬಹುದಿತ್ತು. ಅದು ತುಂಬುತ್ತಿದೆಯೇ ಎಂಬುದೇ ಪ್ರಶ್ನೆ.

ಮೂಸಿ ತೀರಾಭಿವೃದ್ಧಿಗೆಂದು ನಿಗಮ ಸ್ಥಾಪನೆಯಾದದ್ದು 2017ರಲ್ಲಿ. ಈಚಿನ ಸರಕಾರ ನಗರದ 55 ಕಿಲೋಮೀಟರ್ ಉದ್ದದ ಹರಿವನ್ನು ಯೋಜನೆಯ ವ್ಯಾಪ್ತಿಗೆ ತಂದಿದೆ; ಮಾದರಿಗಳಾಗಿ ಲಂಡನ್ನಿನ ಥೇಮ್ಸ್, ಸೋಲ್ ನಗರದ ಚೊಂಗ್ಯೆಚನ್ ಹೊಳೆಗಳ ಹೆಸರು ಕೇಳಿಬಂದಿದೆ; 2024ರಲ್ಲಿ ಮಂತ್ರಿಗಳ ತಂಡ ಸೋಲ್‌ಗೆ ಹೋಗಿಬಂದಿತು. ಉಪಮೆಯನ್ನು ಆರಿಸಿಕೊಳ್ಳುವವನು ಅದರ ಹೊಣೆಯನ್ನೂ ಹೊರಬೇಕು. ಚೊಂಗ್ಯೆಚನ್ ಸಣ್ಣ ಹೊಳೆ; ಅದರಲ್ಲಿ ಮತ್ತೆ ತೆರೆದ ಭಾಗ 5.8 ಕಿಲೋಮೀಟರಿನದು. ಅದರ ಮೇಲೆ ಕವಿದಿದ್ದ ಮೇಲುಸೇತುವೆ ರಸ್ತೆಯನ್ನು 2003ರಿಂದ 2005ರ ನಡುವೆ ಕೆಡವಿ ನೀರನ್ನು ಮತ್ತೆ ಬೆಳಕಿಗೆ ತಂದದ್ದು ದಿಟ್ಟ ಕೆಲಸವೇ ಸರಿ. ಕಾರುಗಳಿಗೆ ಮೀಸಲಾಗಿದ್ದ ನೆಲ ನಡೆಯುವವರದಾಯಿತು. ಆದರೆ ಅಲ್ಲಿ ಹರಿಯುವುದು ಬಹುಮಟ್ಟಿಗೆ ಹಾನ್ ನದಿಯಿಂದ ಪಂಪು ಮಾಡಿ ತಂದ ನೀರು. ಅಲ್ಲಿಂದ ತೆರವಾದ ಬೀದಿ ವ್ಯಾಪಾರಿಗಳನ್ನು ಮೊದಲು ದೊಂಗ್ದೇಮುನ್ ಕ್ರೀಡಾಂಗಣಕ್ಕೆ ಸಾಗಿಸಲಾಯಿತು. ಆ ಕ್ರೀಡಾಂಗಣವನ್ನು ಕೆಡವಿದಾಗ ಮತ್ತೊಮ್ಮೆ ಎಬ್ಬಿಸಲಾಯಿತು. ನಮ್ಮ ಹತ್ತಿರದ ಉದಾಹರಣೆಯಾದ ಅಹಮದಾಬಾದಿನ ಸಾಬರಮತಿಯಲ್ಲಿಯೂ ಕನ್ನಡಿಯಂತೆ ನಿಂತ ನೀರು ನರ್ಮದಾ ಕಾಲುವೆಯದು. ಹೊಳೆಯ ದೃಶ್ಯ ಮರಳಿದೆ. ಹೊಳೆ ಮರಳಿದೆಯೆಂದು ಹೇಳಲು ಸಂಕೋಚವಾಗುತ್ತದೆ.

ಯೋಜನೆಯ ಭಾಷೆಗೆ ಬರೋಣ. ಇಂಗ್ಲಿಷಿನಲ್ಲಿ ಅದು ‘ರಿವರ್‌ಫ್ರಂಟ್’. ಕನ್ನಡದಲ್ಲಿ ಅದನ್ನು ನದೀಮುಖ ಎಂದರೆ ತಪ್ಪಾಗುತ್ತದೆ. ನಮ್ಮಲ್ಲಿ ನದೀಮುಖವೆಂದರೆ ನದಿ ಕಡಲನ್ನು ಸೇರುವ ಠಾವು. ಇಂಗ್ಲಿಷಿನ ಪದದಲ್ಲಿ ಮುಖವಿರುವುದು ನದಿಗಲ್ಲ, ಅದರೆದುರು ನಿಂತ ಕಟ್ಟಡಕ್ಕೆ. ಕನ್ನಡದಲ್ಲಿ ತೀರ, ದಂಡೆ, ದಡ ಎಂಬ ಮಾತುಗಳು ನೀರಿನ ಅಂಚನ್ನು ಹೇಳಿದರೆ, ‘ಪಾತ್ರ’ ಎಂಬುದು ನೀರನ್ನು ಹಿಡಿಯುವ ಇಡೀ ಬಟ್ಟಲನ್ನು ಹೇಳುತ್ತದೆ. ಬೇಸಗೆಯಲ್ಲಿ ಒಣಗಿದ್ದರೂ ಪಾತ್ರ ಪಾತ್ರವೇ. ಪ್ರವಾಹ ಬಂದು ತನ್ನ ಅಳತೆಯನ್ನು ನೆನಪಿಸುತ್ತದೆ.

ಈ ಎರಡು ಪದಗಳ ನಡುವಿನ ಬಿರುಕಿನಲ್ಲಿಯೇ ಯೋಜನೆಯ ನೈತಿಕ ಸಮಸ್ಯೆ ಇದೆ. 2024ರಲ್ಲಿ ಚಾದರ್‌ಘಾಟ್, ಮೂಸಾನಗರ ಮುಂತಾದೆಡೆ ಮನೆಗಳ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ‘ಆರ್‌ಬಿ-ಎಕ್ಸ್’ ಎಂಬ ಗುರುತು ಮೂಡಿತು. ಮೊದಲೆರಡು ಅಕ್ಷರಗಳ ಅರ್ಥ ನದೀಪಾತ್ರ. ಅಲ್ಲಿಂದ ಹಲವು ಕುಟುಂಬಗಳನ್ನು ನಗರದ ಬೇರೆಡೆಯ ಎರಡು ಕೋಣೆಗಳ ಸರಕಾರಿ ಮನೆಗಳಿಗೆ ಕಳಿಸಲಾಯಿತು. ಪಾತ್ರದೊಳಗೆ ವಾಸಿಸುವುದು ಅಪಾಯವೆಂಬುದನ್ನು ಅಲ್ಲಗಳೆಯಲಾಗದು. 2020ರ ಅಕ್ಟೋಬರಿನ ಪ್ರವಾಹ ಅದನ್ನು ಸಾಬೀತುಪಡಿಸಿತು. ಆದರೆ ಬಡವನ ಮನೆಯನ್ನು ತೆರವುಗೊಳಿಸುವಾಗ ‘ಪಾತ್ರ’ ಎನಿಸಿಕೊಂಡ ನೆಲವೇ ಹೂಡಿಕೆಗೆ ಕರೆಕೊಡುವಾಗ ‘ತೀರ’ ಎನಿಸಿಕೊಳ್ಳುವುದಾದರೆ, ಅದು ಜಲವಿಜ್ಞಾನವಲ್ಲ, ಅಲಂಕಾರ. ನಗರದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣವೂ ನದಿಯ ಪಾತ್ರದಲ್ಲಿಯೇ ನಿಂತಿದೆ. 2025ರ ಸೆಪ್ಟೆಂಬರಿನ ಕೊನೆಯಲ್ಲಿ ಜಲಾಶಯಗಳ ಬಾಗಿಲು ತೆರೆದಾಗ ನದಿ ಅದರೊಳಕ್ಕೂ ನುಗ್ಗಿತು. ಪಾತ್ರದ ನಿಯಮ ಒಂದೇ ಆಗಿರಬೇಕು.

ಇನ್ನೊಂದು ಮಾತು ಮೇಲ್ಭಾಗದ್ದು. 1996ರ 111ನೆಯ ಸರಕಾರಿ ಆದೇಶ ಎರಡೂ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಿ ಉದ್ಯಮಗಳನ್ನೂ ಭಾರಿ ಕಟ್ಟಡಗಳನ್ನೂ ನಿರ್ಬಂಧಿಸಿತ್ತು. 2022ರ ಏಪ್ರಿಲಿನಲ್ಲಿ ಹೊರಟ 69ನೆಯ ಆದೇಶ ಆ ನಿರ್ಬಂಧಗಳನ್ನು ಷರತ್ತುಗಳೊಂದಿಗೆ ಸಡಿಲಿಸಿತು. ಜಲಾನಯನದ ಮೇಲೆ ಕಾಂಕ್ರೀಟು ಹರಡಿಕೊಂಡರೆ ಮಳೆನೀರು ಇಂಗದೆ ಒಮ್ಮೆಗೇ ಇಳಿಯುತ್ತದೆ. ಮಳೆ ನಿಂತ ಮೇಲೆ ಹರಿವೂ ನಿಲ್ಲುತ್ತದೆ. ಆಗ ಕೆಳಗಿನ ಉದ್ಯಾನಕ್ಕೆ ಎರಡೇ ಗತಿ: ಮುಳುಗುವುದು, ಇಲ್ಲವೆ ಎರವಲು ನೀರಿನಲ್ಲಿ ಬದುಕುವುದು. ನಗರ ದಾಟಿದ ಮೇಲೂ ನದಿ ಇದೆಯೆಂಬುದನ್ನು ಮರೆಯಬಾರದು. ಅಲ್ಲಿಯ ರೈತರು ದಶಕಗಳಿಂದ ನಗರದ ಕೊಳಚೆನೀರಿನಲ್ಲಿಯೇ ಭತ್ತವನ್ನೂ ಮೇವಿನ ಹುಲ್ಲನ್ನೂ ಬೆಳೆಯುತ್ತಿದ್ದಾರೆ. ವಿಹಾರಪಥದ ನಕ್ಷೆ ಮುಗಿಯುವಲ್ಲಿ ಅವರ ಹೊಲ ಮೊದಲಾಗುತ್ತದೆ.

ನಗರದ ಜನಕ್ಕೆ ನದಿಯ ಬದಿಯಲ್ಲಿ ನಡೆಯುವ ದಾರಿ ಬೇಕು, ಮಕ್ಕಳಿಗೆ ಆಡುವ ಬಯಲು ಬೇಕು. ಅದನ್ನು ಐಷಾರಾಮವೆಂದು ತಳ್ಳಿಹಾಕುವ ವಿಮರ್ಶೆ ಅನ್ಯಾಯದ್ದು. ಆಕ್ಷೇಪವಿರುವುದು ಉದ್ಯಾನಕ್ಕಲ್ಲ, ಅದು ವಾಕ್ಯದ ಮೊದಲ ಪದವಾಗಿರುವುದಕ್ಕೆ. 1909ರ ಯೋಜನೆ ನದಿಯನ್ನು ಪಾತ್ರವಾಗಿ ಕಂಡು, ಅದರಲ್ಲಿ ಬದುಕುವವರನ್ನು ಕಾಣಲಿಲ್ಲ. ಇಂದಿನದು ತೀರವನ್ನು ಕಂಡು ಪಾತ್ರವನ್ನು ಮರೆಯುವ ಅಪಾಯದಲ್ಲಿದೆ. ನದಿಯ ಕೆಲಸಗಳನ್ನು ಬೆಟ್ಟದಿಂದ ಕೆಳಕ್ಕೆ, ನೀರು ಇಳಿಯುವ ಕ್ರಮದಲ್ಲಿಯೇ ಬರೆದ ಯೋಜನೆ ಬರುವವರೆಗೆ ಅನಂತಗಿರಿಯಿಂದ ವಾಡಪಲ್ಲಿಯವರೆಗಿನ ಮೂಸಿ ಯಾವ ನಕ್ಷೆಯಲ್ಲಿಯೂ ಪೂರ್ತಿಯಾಗಿ ಮೂಡುವುದಿಲ್ಲ.